ಬಾಗಿಲಲ್ಲೇ ಉಳಿದವರ ಲೆಕ್ಕ

2006ರ ಜುಲೈ 11, ಮಂಗಳವಾರ. ಮುಂಬೈಯ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಸಂಜೆ 6.24ರಿಂದ ಹನ್ನೊಂದು ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದವು. ಮಾಟುಂಗಾ ರೋಡ್, ಮಾಹಿಮ್, ಬಾಂದ್ರಾ, ಖಾರ್, ಜೋಗೇಶ್ವರಿ, ಬೋರಿವಲಿ, ಮೀರಾ ರೋಡ್. ಕಚೇರಿ ಬಿಟ್ಟ ಜನ ಮನೆಗೆ ಮರಳುವ ಹೊತ್ತು ಅದು. ಟಿವಿಯಲ್ಲಿ ಸುದ್ದಿ ಬಂದದ್ದೇ ತಡ, ಇಡೀ ನಗರ ಒಂದೇ ಕೆಲಸ ಮಾಡಿತು: ಫೋನ್ ಎತ್ತಿಕೊಂಡಿತು. ಮೊಬೈಲ್ ಜಾಲ ಕಟ್ಟಿಕೊಂಡಿತು. ಉಡುಪಿ, ಮಂಗಳೂರು, ಧಾರವಾಡದಲ್ಲಿ ಕುಳಿತು ಮುಂಬೈಯ ಮಗನ, ಅಣ್ಣನ, ಭಾವನ ನಂಬರು ಒತ್ತುತ್ತಿದ್ದವರಿಗೂ ಸಿಕ್ಕಿದ್ದು ಅದೇ ನಿರ್ಲಿಪ್ತ ಟೋನ್.

ಇಂಥ ಹೊತ್ತಿನಲ್ಲಿ ಆಗುವುದಕ್ಕೆ ಜನರ ಬಾಯಲ್ಲಿ ಒಂದೇ ಹೆಸರು: ‘ನೆಟ್‌ವರ್ಕ್ ಬಿಜಿ’. ಆ ಎರಡು ಪದ ಕೇಳಿದರೆ ಮನಸ್ಸಿಗೆ ಬರುವ ಚಿತ್ರ, ಒಳಗೆ ಎಲ್ಲ ಲೈನುಗಳೂ ತುಂಬಿವೆ, ಯಾರೋ ಮಾತಾಡುತ್ತಿದ್ದಾರೆ, ಅವರು ಮುಗಿಸಿದ ಮೇಲೆ ಇನ್ನೊಬ್ಬರ ಸರದಿ ಎಂಬುದು. ಕೆಲವೊಮ್ಮೆ ಹಾಗೆಯೇ ಇರುತ್ತದೆ. ಆದರೆ ಒಳಗೆ ಜಾಗ ಉಳಿದಿದ್ದಾಗಲೂ ಬಾಗಿಲಲ್ಲಿ ನೂಕುನುಗ್ಗಲಾಗಿ ಯಾರೂ ಒಳಹೋಗದಂತಾಗುವ ಸ್ಥಿತಿಯೊಂದಿದೆ. ಮೊದಲನೆಯದು ಕುರ್ಚಿಯ ಕೊರತೆ. ಎರಡನೆಯದು ಬಾಗಿಲಿನ ಕೊರತೆ. ಎರಡಕ್ಕೂ ಒಂದೇ ಹೆಸರಿಟ್ಟಿರುವುದರಿಂದ ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ್ದನ್ನು ಯಾರೂ ಅಳೆಯುವುದಿಲ್ಲ, ಅಳೆಯದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಯೂ ಇಲ್ಲ.

ಈ ಬಾಗಿಲಿಗೆ ತಂತ್ರಜ್ಞರು ಇಟ್ಟ ಹೆಸರು ‘ರ‍್ಯಾಂಡಮ್ ಆಕ್ಸೆಸ್’. ಪಾರಿಭಾಷಿಕ ಕನ್ನಡದಲ್ಲಿ ‘ಯಾದೃಚ್ಛಿಕ ಪ್ರವೇಶ’ ಎನ್ನಬಹುದು. ನಿಘಂಟಿಗೆ ಅದು ಸರಿ, ಕಿವಿಗೆ ಮಾತ್ರ ಏನನ್ನೂ ಹೇಳದು. ‘ಹೇಳದೆ ಕೇಳದೆ ಒಳಬರುವುದು’ ಎಂದರೆ ನಿಜಕ್ಕೆ ಹತ್ತಿರ. ಜೇಬಿನಲ್ಲಿ ಸುಮ್ಮನೆ ಬಿದ್ದಿರುವ ಫೋನಿಗೂ ಟವರಿಗೂ ನಡುವೆ ನಿರಂತರ ಸಂಪರ್ಕವಿಲ್ಲ. ಆ ಫೋನು ಸುಮಾರಾಗಿ ಯಾವ ಪ್ರದೇಶದಲ್ಲಿದೆ ಎಂಬುದಷ್ಟೇ ಜಾಲಕ್ಕೆ ಗೊತ್ತು. ಕರೆ ಮಾಡಬೇಕೆಂದಾಗ ಫೋನು ಮೊದಲು ‘ನಾನಿದ್ದೇನೆ’ ಎಂದು ಕೂಗಿ ಹೇಳಬೇಕು. ಯಾವಾಗ ಕೂಗಬೇಕೆಂದು ಅದಕ್ಕೆ ಯಾರೂ ಸರದಿ ಕೊಟ್ಟಿಲ್ಲ. ಸರದಿ ಕೇಳುವುದಕ್ಕೇ ತಾನೇ ಅದು ಕೂಗುತ್ತಿರುವುದು! ಪಕ್ಕದಲ್ಲಿರುವ ಇನ್ನೊಂದು ಫೋನು ಅದೇ ಕ್ಷಣಕ್ಕೆ ಕೂಗುತ್ತಿದೆಯೇ ಎಂಬುದೂ ಅದಕ್ಕೆ ತಿಳಿಯದು.

ಮನುಷ್ಯರು ಮಾತಾಡುವಾಗ ಈ ಸಮಸ್ಯೆಯನ್ನು ಲೀಲಾಜಾಲವಾಗಿ ಬಿಡಿಸಿಕೊಳ್ಳುತ್ತಾರೆ. ಸ್ಯಾಕ್ಸ್, ಶೆಗ್ಲಾಫ್, ಜೆಫರ್ಸನ್ ಎಂಬ ಮೂವರು 1974ರಲ್ಲಿ ‘ಲ್ಯಾಂಗ್ವೇಜ್’ ಪತ್ರಿಕೆಯಲ್ಲಿ ಬರೆದ ಪ್ರಸಿದ್ಧ ಲೇಖನ ಇದರ ಬಗ್ಗೆಯೇ: ಸಂಭಾಷಣೆಯಲ್ಲಿ ಸರದಿ ಹೇಗೆ ಕೈಬದಲಾಗುತ್ತದೆ? ಎದುರಿನವರ ಮಾತಿನ ಇಳಿಜಾರು, ಕಣ್ಣೋಟ, ವಾಕ್ಯ ಮುಗಿಯುವ ಸೂಚನೆ ಇವೆಲ್ಲ ನೋಡಿ ನಾಲ್ವರು ಒಂದು ಮೇಜಿನ ಸುತ್ತ ಡಿಕ್ಕಿಯಿಲ್ಲದೆ ಹರಟಬಲ್ಲರು. ಕಣ್ಣುಕಟ್ಟಿ, ಕಿವಿಮುಚ್ಚಿ ಕೂರಿಸಿದರೆ? ಆಗ ಉಳಿಯುವುದು ಒಂದೇ ದಾರಿ. ಮಾತಾಡಿ ನೋಡುವುದು, ಉತ್ತರ ಬರದಿದ್ದರೆ ಸ್ವಲ್ಪ ತಡೆದು ಮತ್ತೆ ಮಾತಾಡುವುದು.

ಈ ದಾರಿಯನ್ನು ಲೆಕ್ಕಕ್ಕೆ ತಂದದ್ದು ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು. ದ್ವೀಪಗಳ ನಡುವೆ ಕಂಪ್ಯೂಟರುಗಳನ್ನು ರೇಡಿಯೊ ಮೂಲಕ ಜೋಡಿಸಿದ ಅವರ ‘ಅಲೋಹಾ’ ಜಾಲ 1971ರಲ್ಲಿ ಕೆಲಸ ಶುರುಮಾಡಿತು. ಯಾರು ಬೇಕಾದರೂ ಯಾವಾಗ ಬೇಕಾದರೂ ಕಳಿಸಬಹುದು. ಇಬ್ಬರದು ಡಿಕ್ಕಿಯಾದರೆ ಇಬ್ಬರೂ ಬೇರೆಬೇರೆ ಹೊತ್ತು ಕಾದು ಮತ್ತೆ ಕಳಿಸಬೇಕು. ಸರಳ ಉಪಾಯ, ಆದರೆ ಬೆಲೆ ದೊಡ್ಡದು: ದಾರಿಯ ಶೇ. 18ರಷ್ಟು ಮಾತ್ರ ಉಪಯೋಗಕ್ಕೆ ಬರುತ್ತದೆ. ಮರುವರ್ಷ ಲಾರೆನ್ಸ್ ರಾಬರ್ಟ್ಸ್ ಕಾಲವನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ತುಂಡಿನ ಆರಂಭದಲ್ಲಷ್ಟೇ ಕೂಗಬೇಕೆಂಬ ನಿಯಮ ಹಾಕಿದಾಗ ಅದು ಶೇ. 37ರ ಹತ್ತಿರಕ್ಕೆ ಏರಿತು. ಇವತ್ತಿಗೂ ಮೊಬೈಲಿನ ಬಾಗಿಲು ನಿಂತಿರುವುದು ಈ ತಳಹದಿಯ ಮೇಲೆಯೇ. 2ಜಿ, 3ಜಿ, 4ಜಿ, 5ಜಿ ಎಂದು ಒಳಮನೆ ಎಷ್ಟೋ ಸಲ ಬದಲಾಯಿತು. ಹೊಸ್ತಿಲಿನ ಲೆಕ್ಕ ಹವಾಯಿಯದೇ.

4ಜಿಯಲ್ಲಿ ಆ ಹೊಸ್ತಿಲು ಹೀಗಿದೆ. ಪ್ರತಿ ಟವರಿನ ಪ್ರತಿ ಸೆಲ್‌ಗೂ 64 ಬಗೆಯ ಸಿಳ್ಳೆಗಳಿವೆ ಎಂದಿಟ್ಟುಕೊಳ್ಳೋಣ. ತಂತ್ರಜ್ಞರು ಇವನ್ನು ‘ಪ್ರಿಯಾಂಬಲ್’ ಎನ್ನುತ್ತಾರೆ. ಬೇರೆಬೇರೆ ಸಿಳ್ಳೆಗಳು ಒಟ್ಟಿಗೆ ಕೇಳಿಬಂದರೂ ಟವರು ಅವನ್ನು ಬಿಡಿಸಿ ಗುರುತಿಸಬಲ್ಲದು. ಕೆಲವನ್ನು ಒಂದು ಸೆಲ್ಲಿನಿಂದ ಇನ್ನೊಂದಕ್ಕೆ ದಾಟುವ ಫೋನುಗಳಿಗೆಂದು ಮೀಸಲಿಟ್ಟು, ಉಳಿದದ್ದನ್ನು ಎಲ್ಲರಿಗೂ ಬಿಡುತ್ತಾರೆ. ಫೋನು ಅದರಲ್ಲೊಂದನ್ನು ಕಣ್ಣುಮುಚ್ಚಿ ಆರಿಸಿಕೊಂಡು ಊದುತ್ತದೆ. ಟವರು ‘ಈ ಸಿಳ್ಳೆ ಹಾಕಿದವರು ಇಂಥ ಜಾಗದಲ್ಲಿ ಬಂದು ಹೆಸರು ಹೇಳಿ’ ಎಂದು ಚೀಟಿ ಕೊಡುತ್ತದೆ. ಫೋನು ಹೋಗಿ ಹೆಸರು ಹೇಳುತ್ತದೆ, ಟವರು ಒಪ್ಪಿಗೆ ಕೊಡುತ್ತದೆ. ನಾಲ್ಕು ಹೆಜ್ಜೆ. ಇಬ್ಬರು ಒಂದೇ ಸಿಳ್ಳೆ ಊದಿದರೆ ಟವರಿಗೆ ಅದು ಒಂದೇ ಸಿಳ್ಳೆಯಾಗಿ ಕೇಳಬಹುದು; ಒಂದೇ ಚೀಟಿ ಹಿಡಿದು ಇಬ್ಬರೂ ಓಡಿಬರುತ್ತಾರೆ, ಒಬ್ಬರ ಮೇಲೊಬ್ಬರು ಹೆಸರು ಕೂಗುತ್ತಾರೆ, ಬಹುತೇಕ ಇಬ್ಬರದೂ ಕೇಳಿಸುವುದಿಲ್ಲ.

ಕರೆ ಸ್ವೀಕರಿಸುವ ಫೋನೂ ಇದೇ ಬಾಗಿಲಿನಿಂದ ಬರಬೇಕು ಎಂಬುದು ಅನೇಕರಿಗೆ ಗೊತ್ತಿಲ್ಲ. ಟವರು ‘ನಿನಗೊಂದು ಕರೆಯಿದೆ’ ಎಂದು ಸಾರಿದಾಗ ಆ ಫೋನೂ ಸಿಳ್ಳೆ ಊದಿ, ಚೀಟಿ ಪಡೆದು, ಹೆಸರು ಹೇಳಬೇಕು. ಹಾಗಾಗಿ ಉಡುಪಿಯ ಟವರು ಖಾಲಿಯಿದ್ದರೂ, ಮುಂಬೈಯಲ್ಲಿ ಫೋನು ಹಿಡಿದವರು ಕ್ಷೇಮವಾಗಿದ್ದರೂ, ಕರೆ ಕೂಡಿಬರುವುದಿಲ್ಲ.

ಇನ್ನು ಲೆಕ್ಕ. ಮೊಬೈಲ್ ಮಾನದಂಡಗಳನ್ನು ಬರೆಯುವ ಜಾಗತಿಕ ಕೂಟ ತ್ರೀಜಿಪಿಪಿ 2011ರ ಒಂದು ವರದಿಯಲ್ಲಿ ಈ ಬಾಗಿಲನ್ನು ಪರೀಕ್ಷೆಗೊಡ್ಡಿತು. ಒಂದು ಸೆಲ್‌ನಲ್ಲಿ 30,000 ಸಾಧನಗಳು. ಎಲ್ಲರಿಗೂ ಬಿಟ್ಟ ಸಿಳ್ಳೆ 54. ಐದು ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 200 ಸಲ, ಬಾಗಿಲು ತೆರೆಯುತ್ತದೆ. ಒಂದೊಂದು ಸಾಧನಕ್ಕೂ ಹತ್ತು ಪ್ರಯತ್ನ. ಸಾಧನಗಳು 60 ಸೆಕೆಂಡಿನಲ್ಲಿ ಸಮನಾಗಿ ಹರಡಿ ಬಂದಾಗ ಹೆಚ್ಚುಕಡಿಮೆ ಎಲ್ಲವೂ ಒಳಹೋದವು. ಅವೇ 30,000 ಹತ್ತು ಸೆಕೆಂಡಿನಲ್ಲಿ ಅಲೆಯಂತೆ ಏರಿ ಇಳಿದಾಗ ಒಳಹೋದದ್ದು ಸುಮಾರು ಮೂರನೇ ಒಂದು ಭಾಗ ಮಾತ್ರ. ಬಾಗಿಲು ಅದೇ, ಜನ ಅಷ್ಟೇ. ಬಂದ ಬಗೆ ಬೇರೆ.

ಸರಾಸರಿಯೇ ಇಲ್ಲಿ ಮೋಸಗಾರ. ಹತ್ತು ಸೆಕೆಂಡಿಗೆ 30,000 ಎಂದರೆ ಸರಾಸರಿಯಲ್ಲಿ ಬಾಗಿಲು ತೆರೆದಾಗೊಮ್ಮೆ 15 ಜನ. 54 ಸಿಳ್ಳೆಯ ಬಾಗಿಲು ಹೆಚ್ಚೆಂದರೆ ಸುಮಾರು 20 ಜನರನ್ನು ಡಿಕ್ಕಿಯಿಲ್ಲದೆ ಬಿಟ್ಟುಕೊಳ್ಳಬಲ್ಲದು, ಆದ್ದರಿಂದ ಕಾಗದದ ಮೇಲೆ ಎಲ್ಲ ಸುಸೂತ್ರ. ಆದರೆ ಆ ವರದಿ ಬಳಸಿದ ಅಲೆಯ ತುದಿಯಲ್ಲಿ ಒಂದೊಂದು ಸಲಕ್ಕೂ ಬರುವವರು ಸುಮಾರು 31. ಸೋತವರೆಲ್ಲ ಮುಂದಿನ ಸಲಕ್ಕೇ ಮರಳಿ ಬರುತ್ತಾರೆ ಎಂದು ಸರಳವಾಗಿ ಹಿಡಿದು ಲೆಕ್ಕ ಹಾಕಿ. 31 ಜನ ಬಂದರೆ 18 ಜನ ಒಳಗೆ, 13 ಜನ ಹೊರಗೆ. ಮುಂದಿನ ಸಲ ಹೊಸಬರು 31, ಹಳಬರು 13, ಒಟ್ಟು 44. ಒಳಗೆ ಹೋದವರು 20. ಆಮೇಲೆ 55, ಒಳಗೆ 20. ಆಮೇಲೆ 66, ಒಳಗೆ 20. ಎಂಟನೇ ಸಲಕ್ಕೆ ಬಾಗಿಲಲ್ಲಿ 119 ಜನ. ಒಳಗೆ ಹೋಗುವವರು 13. ಕಳೆದ ಕಾಲ 40 ಮಿಲಿಸೆಕೆಂಡ್, ಕಣ್ಣು ರೆಪ್ಪೆ ಬಡಿಯುವುದಕ್ಕಿಂತಲೂ ಕಡಿಮೆ. ಜನ ಹೆಚ್ಚಾದಷ್ಟೂ ಒಳಹೋಗುವವರು ಕಡಿಮೆಯಾದರು. ದಾದರ್ ಸ್ಟೇಷನ್ನಿನಲ್ಲಿ ಇಳಿಯುವವರೂ ಹತ್ತುವವರೂ ಒಟ್ಟಿಗೆ ನುಗ್ಗಿದಾಗ ಯಾರೂ ಇಳಿಯದೆ ಯಾರೂ ಹತ್ತದೆ ಲೋಕಲ್ ಹೊರಟುಬಿಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇನ್ನೂ ಒಂದು ಇಕ್ಕಟ್ಟಿದೆ: ಡಿಕ್ಕಿಯಿಂದ ಪಾರಾದವರಿಗೆಲ್ಲ ಕೊಡಲು ಟವರಿನ ಬಳಿ ಚೀಟಿ ಇರಬೇಕು. ಆ ವರದಿಯ ಲೆಕ್ಕದಲ್ಲಿ ಒಂದು ಸಲಕ್ಕೆ ಕೊಡಬಹುದಾದ ಚೀಟಿ ಹದಿನೈದೇ.

ಹಾಗಾದರೆ ಸರಾಸರಿಯ ಮೇಲೆ ಇಷ್ಟೊಂದು ನಂಬಿಕೆ ಏಕೆ? ಇದರ ಬೇರು ಹಳೆಯದು. 1909ರಲ್ಲಿ ಡೆನ್ಮಾರ್ಕಿನ ಎರ್ಲಾಂಗ್ ಟೆಲಿಫೋನ್ ಕರೆಗಳ ಗಣಿತಕ್ಕೆ ಅಡಿಪಾಯ ಹಾಕಿದಾಗ ಒಂದು ಸಮಂಜಸವಾದ ಊಹೆ ಮಾಡಿದರು: ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧವಿಲ್ಲ. ಸಾಧಾರಣ ದಿನದಲ್ಲಿ ಇದು ಸತ್ಯ. ಒಬ್ಬಳು ತವರಿಗೆ ಫೋನ್ ಮಾಡುವುದಕ್ಕೂ ಎದುರು ಮನೆಯವರು ಗ್ಯಾಸ್ ಬುಕ್ ಮಾಡುವುದಕ್ಕೂ ಏನು ಸಂಬಂಧ? ಆದರೆ ಭೂಮಿ ನಡುಗಿದ ಕ್ಷಣ, ರೈಲು ಸಿಡಿದ ಕ್ಷಣ, ಎಲ್ಲ ಕರೆಗಳಿಗೂ ಕಾರಣ ಒಂದೇ. ಸಂಬಂಧವಿಲ್ಲದವರ ಗಣಿತ ಕೈಕೊಡುವುದು ಎಲ್ಲರೂ ಸಂಬಂಧಿಗಳಾದಾಗ. ಅಲೆ ಬಂದಾಗ ‘ಸ್ಥಿರ ಸ್ಥಿತಿ’ ಎಂಬುದೇ ಇಲ್ಲ. ಬಾಗಿಲು ತೆರೆದಾಗೊಮ್ಮೆ ಎಷ್ಟು ಜನ ಬಂದರು, ಎಷ್ಟು ಜನ ಸೋತು ಮರಳಿದರು ಎಂದು ಹೆಜ್ಜೆಹೆಜ್ಜೆಗೂ ಲೆಕ್ಕ ಹಿಡಿಯುವ ಮಾದರಿಯೇ ಬೇಕು. ಅಂಥ ಮಾದರಿಗಳು ಇಲ್ಲವೆಂದಲ್ಲ. ಅಲೋಹಾ ಮಾದರಿಯ ಬಾಗಿಲು ಒಮ್ಮೆ ಮುಗ್ಗರಿಸಿದರೆ ತಾನಾಗಿ ಏಳುವುದು ಕಷ್ಟ ಎಂದು ಕ್ಲೈನ್‌ರಾಕ್, ಲ್ಯಾಮ್ ಮೊದಲಾದವರು 1970ರ ದಶಕದ ನಡುವಿನಲ್ಲೇ ತೋರಿಸಿದ್ದರು. ಆ ತಿಳಿವಳಿಕೆ ಸಂಶೋಧನಾ ಲೇಖನಗಳಲ್ಲಿದೆ. ಸೇವೆಯ ಗುಣಮಟ್ಟವನ್ನು ಸಾರ್ವಜನಿಕವಾಗಿ ಅಳೆಯುವ ಕೋಲಿನಲ್ಲಿ ಇಲ್ಲ.

ಭಾರತದಲ್ಲಿ ಆ ಕೋಲು ಟ್ರಾಯ್ ಕೈಯಲ್ಲಿದೆ. 2009ರ ನಿಯಮಗಳ ಪ್ರಕಾರ ಕರೆ ಕೂಡಿಬರುವ ಪ್ರಮಾಣ ಶೇ. 95ಕ್ಕಿಂತ ಕಡಿಮೆಯಿರಬಾರದಿತ್ತು, ಕರೆ ಕಡಿದುಹೋಗುವ ಪ್ರಮಾಣ ಶೇ. 2 ಮೀರಬಾರದಿತ್ತು. ದಟ್ಟಣೆಯನ್ನು ಅಳೆಯಲು ದಿನದ ಅತಿ ಬಿಡುವಿಲ್ಲದ ಗಂಟೆಯನ್ನು ಹಿಡಿಯುವುದು ಈ ಉದ್ಯಮದ ಹಳೆಯ ರೂಢಿ. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ಹಲವು ವಿಷಯಗಳಲ್ಲಿ ಬಿಗಿಯಾಗಿವೆ. ಇವೆಲ್ಲ ಬೇಕಾದವೇ. ಆದರೆ ಒಂದು ಗಂಟೆಯಲ್ಲಿ 3,600 ಸೆಕೆಂಡುಗಳಿವೆ. ಹತ್ತು ಸೆಕೆಂಡಿನ ಅಲೆ ಅದರ 360ನೇ ಒಂದು ಭಾಗ. ತಿಂಗಳ ಸರಾಸರಿಯಲ್ಲಂತೂ ಅದು ಸಮುದ್ರಕ್ಕೆ ಬಿದ್ದ ಉಪ್ಪಿನ ಹರಳು.

ಇದಕ್ಕಿಂತ ಗಂಭೀರವಾದ ತೊಡಕು ಇನ್ನೊಂದಿದೆ. ‘ನೂರು ಪ್ರಯತ್ನಗಳಲ್ಲಿ 95 ಯಶಸ್ವಿ’ ಎಂದಾಗ ಆ ನೂರನ್ನು ಎಣಿಸಿದವರು ಯಾರು? ಟವರು. ಟವರು ಎಣಿಸುವುದು ತನಗೆ ಕೇಳಿಸಿದ ಹೆಸರುಗಳನ್ನು. ಡಿಕ್ಕಿಯಲ್ಲಿ ಕರಗಿಹೋದ ಸಿಳ್ಳೆ ಯಾರದೆಂದು ಅದಕ್ಕೆ ಗೊತ್ತಿಲ್ಲ. ಎಷ್ಟು ಜನ ಊದಿದ್ದರೆಂದೂ ಗೊತ್ತಿಲ್ಲ. ಹೆಸರು ಹೇಳುವವರೆಗೂ ಬಾರದ ಫೋನು ‘ಪ್ರಯತ್ನ’ವೇ ಅಲ್ಲ. ಹೀಗಾಗಿ ಬಾಗಿಲಲ್ಲೇ ಉಳಿದವರು ಸೋತವರ ಲೆಕ್ಕಕ್ಕೂ ಸೇರುವುದಿಲ್ಲ. ಸಾವಿರಾರು ಜನ ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದರೂ ಒಳಗಿನ ವರದಿಯಲ್ಲಿ ಊಟ ಚೆನ್ನಾಗಿಯೇ ನಡೆದಿರುತ್ತದೆ.

ಅಲೆ ಎಂದರೆ ದುರಂತವೇ ಆಗಬೇಕಿಲ್ಲ, ಮನುಷ್ಯರೇ ಎಬ್ಬಿಸಬೇಕೆಂದೂ ಇಲ್ಲ. ಜಪಾನಿನ ಎರಡು ಘಟನೆಗಳು ಇದಕ್ಕೆ ಸಾಕ್ಷಿ. 2021ರ ಅಕ್ಟೋಬರ್ 14ರಂದು ಎನ್‌ಟಿಟಿ ಡೊಕೊಮೊ ಯಂತ್ರಗಳ ಒಳಗಿನ ಸಿಮ್‌ಗಳಿಗೆ ಸಂಬಂಧಿಸಿದ ಸರ್ವರ್ ಬದಲಿಸುತ್ತಿದ್ದಾಗ ಎಡವಟ್ಟಾಯಿತು. ಹಳೆಯದಕ್ಕೆ ಮರಳಿದಾಗ ಸುಮಾರು ಎರಡು ಲಕ್ಷ ಸಾಧನಗಳು ಒಟ್ಟಿಗೆ ‘ನಾನಿಲ್ಲಿದ್ದೇನೆ’ ಎಂದು ದಾಖಲಾಗಲು ಬಂದವು, ಜನರ ಕರೆಗಳೂ ನಿಂತವು. 2022ರ ಜುಲೈ 2ರಂದು ಕೆಡಿಡಿಐ ಕಂಪನಿ ಒಂದು ರೂಟರ್ ಬದಲಿಸುವಾಗ ಹದಿನೈದು ನಿಮಿಷ ಧ್ವನಿಸೇವೆ ತಪ್ಪಿತು. ತಪ್ಪನ್ನು ಸರಿಪಡಿಸಿದ್ದೇ ದೊಡ್ಡ ತೊಂದರೆಯಾಯಿತು: ಎಲ್ಲ ಫೋನುಗಳೂ ಒಮ್ಮೆಲೇ ಮರಳಿ ದಾಖಲಾಗಲು ನುಗ್ಗಿ, ಸೇವೆ ಸಹಜವಾಗಲು 60 ಗಂಟೆಗೂ ಹೆಚ್ಚು ಹಿಡಿಯಿತು, ಕೋಟಿಗಟ್ಟಲೆ ಸಂಪರ್ಕಗಳಿಗೆ ತೊಂದರೆಯಾಯಿತು. ಎರಡೂ ಕಡೆ ಕಟ್ಟಿಕೊಂಡದ್ದು ಟವರಿನ ಹೊಸ್ತಿಲಲ್ಲ, ಅದರ ಹಿಂದಿನ ದಾಖಲಾತಿಯ ಬಾಗಿಲು. ಬಾಗಿಲು ಬೇರೆ, ರೋಗ ಒಂದೇ.

ಭಾರತ ಈಗ ಆ ದಾರಿಯಲ್ಲೇ ಹೆಜ್ಜೆಯಿಡುತ್ತಿದೆ. 2021ರಲ್ಲಿ ಶುರುವಾದ ಕೇಂದ್ರದ ವಿದ್ಯುತ್ ಯೋಜನೆಯ ಗುರಿ 25 ಕೋಟಿ ಸ್ಮಾರ್ಟ್ ಮೀಟರ್. ಅವುಗಳಲ್ಲಿ ಅನೇಕವು ಮೊಬೈಲ್ ಜಾಲದ ಮೂಲಕವೇ ಮಾತಾಡುತ್ತವೆ. ಒಂದು ಬಡಾವಣೆಯ ಕರೆಂಟು ಹೋಗಿ ಬಂದಾಗ ಅಲ್ಲಿನ ಮೀಟರುಗಳೆಲ್ಲ ಒಟ್ಟಿಗೆ ಎಚ್ಚರಗೊಳ್ಳುತ್ತವೆ. ಕರೆಂಟು ಹೋಗುವುದು ಹೆಚ್ಚು ಯಾವಾಗ? ಬಿರುಗಾಳಿಯಲ್ಲಿ, ನೆರೆಯಲ್ಲಿ. ಮನುಷ್ಯರಿಗೆ ಫೋನು ಅತಿ ಅಗತ್ಯವಾಗುವುದೂ ಅದೇ ಗಳಿಗೆಯಲ್ಲಿ.

ಇದಕ್ಕೆ ಮದ್ದಿಲ್ಲವೇ? ಇದೆ. ಬಾಗಿಲನ್ನು ಅಗಲಿಸಬಹುದು, ಆದರೆ ಪುಕ್ಕಟೆಯಾಗಿ ಅಲ್ಲ. 10 ಮೆಗಾಹರ್ಟ್ಸ್‌ನ 4ಜಿ ಸೆಲ್ಲಿನಲ್ಲಿ ಐದು ಮಿಲಿಸೆಕೆಂಡಿಗೊಮ್ಮೆ ತೆರೆಯುವ ಬಾಗಿಲು ಫೋನಿನಿಂದ ಟವರಿಗೆ ಹೋಗುವ ದಾರಿಯ ಶೇ. 2.4ರಷ್ಟನ್ನು ನುಂಗುತ್ತದೆ, ಪ್ರತಿ ಮಿಲಿಸೆಕೆಂಡಿಗೂ ತೆರೆದರೆ ಶೇ. 12. ವರ್ಷಕ್ಕೊಮ್ಮೆ ಬರುವ ಅಲೆಗಾಗಿ ವರ್ಷವಿಡೀ ಇಷ್ಟು ಜಾಗ ಬಿಡಿ ಎಂದರೆ ಎಂಜಿನಿಯರುಗಳು ತಲೆಯಾಡಿಸುವುದು ಸಹಜ, ಮತ್ತು ಅವರ ಮಾತು ನ್ಯಾಯವೇ. ಸೋತವರನ್ನು ‘ಸ್ವಲ್ಪ ತಡೆದು ಬನ್ನಿ’ ಎನ್ನಬಹುದು. ಆದರೆ 4ಜಿಯಲ್ಲಿ ಆ ತಡೆ ಹೆಚ್ಚೆಂದರೆ 960 ಮಿಲಿಸೆಕೆಂಡ್. ಹತ್ತು ಸೆಕೆಂಡಿನ ಗುಂಪಿನಲ್ಲಿ ಒಂದು ಸೆಕೆಂಡು ತಡೆದು ಬಂದವರು ಮತ್ತೆ ಅದೇ ಗುಂಪಿನಲ್ಲಿ ಸಿಕ್ಕಿಕೊಳ್ಳುತ್ತಾರೆ.

ನಿಜವಾಗಿ ಫಲಕೊಡುವ ಉಪಾಯ ಊರಿನ ಜಾತ್ರೆ, ಮದುವೆಗಳಲ್ಲಿ ಎಲ್ಲರೂ ಕಂಡದ್ದೇ: ಪಂಕ್ತಿ. ಸಾವಿರ ಜನ ಬಂದರೆ ಎಲ್ಲರನ್ನೂ ಒಮ್ಮೆಗೇ ನುಗ್ಗಿಸದೆ ಮೊದಲ ಪಂಕ್ತಿ, ಎರಡನೇ ಪಂಕ್ತಿ ಎಂದು ಕೂರಿಸುವುದು. ಮೊಬೈಲಿನಲ್ಲಿ ಇದರ ಹೆಸರು ‘ಆಕ್ಸೆಸ್ ಕ್ಲಾಸ್ ಬಾರಿಂಗ್’. ಇಂತಿಷ್ಟು ಪಾಲು ಫೋನುಗಳಷ್ಟೇ ಬಾಗಿಲಿಗೆ ಬರಲಿ ಎಂದು ಟವರು ಸಾರುತ್ತದೆ. ಪ್ರತಿ ಫೋನೂ ತನ್ನೊಳಗೇ ಒಂದು ಚೀಟಿ ಎತ್ತುತ್ತದೆ. ಗೆದ್ದರೆ ಸಿಳ್ಳೆ ಊದುತ್ತದೆ, ಸೋತರೆ ಸೆಕೆಂಡುಗಟ್ಟಲೆ, ಕೆಲವೊಮ್ಮೆ ನಿಮಿಷಗಟ್ಟಲೆ ಕಾಯುತ್ತದೆ. ಎಲ್ಲರೂ ಸ್ವಲ್ಪ ಕಾಯಲು ಒಪ್ಪಿದರೆ ಎಲ್ಲರೂ ಬೇಗ ಒಳಹೋಗುತ್ತಾರೆ.

ಪಂಕ್ತಿ ಎಂದಮೇಲೆ ಕನ್ನಡದಲ್ಲಿ ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿದೆ: ಪಂಕ್ತಿಭೇದ. ಸಿಮ್ ಕಾರ್ಡಿನಲ್ಲೂ ಅದಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಪ್ರತಿಯೊಂದು ಸಾಮಾನ್ಯ ಸಿಮ್ಮಿಗೂ 0ಯಿಂದ 9ರವರೆಗಿನ ಒಂದು ವರ್ಗವನ್ನು ಯಾವ ತಾರತಮ್ಯವೂ ಇಲ್ಲದೆ ಹಂಚಿರುತ್ತಾರೆ. 10 ತುರ್ತು ಕರೆಗೆ. 11ರಿಂದ 15ರವರೆಗಿನವು ವಿಶೇಷ: ಭದ್ರತಾ ಪಡೆಗಳು, ನೀರು ಮತ್ತು ಗ್ಯಾಸಿನಂಥ ಸೇವೆಗಳು, ತುರ್ತು ಸೇವೆಯವರು, ಜಾಲದ ಸ್ವಂತ ಸಿಬ್ಬಂದಿ. ಆಂಬುಲೆನ್ಸಿನವರು ಮೊದಲು ಹೋಗಲಿ ಎನ್ನುವುದಕ್ಕೆ ಯಾರ ತಕರಾರೂ ಇರದು. ಮೀಟರು, ಮಾರಾಟದ ಯಂತ್ರಗಳನ್ನು ಕಾಯಿಸಿ ಮನುಷ್ಯರನ್ನು ಮೊದಲು ಬಿಡುವ ವ್ಯವಸ್ಥೆಯೂ ಬಂದಿದೆ, ಅದೂ ಒಳ್ಳೆಯದೇ. ಆದರೆ 5ಜಿಯ ಮಾನದಂಡದಲ್ಲಿ 32ರಿಂದ 63ರವರೆಗಿನ ಪ್ರವೇಶ ವರ್ಗಗಳನ್ನು ಕಂಪನಿಗಳು ತಮಗೆ ಬೇಕಾದಂತೆ ರೂಪಿಸಿಕೊಳ್ಳಬಹುದು. ಯಾವ ಆ್ಯಪ್, ಯಾವ ಗ್ರಾಹಕ, ಯಾವ ಸೇವೆ ಯಾವ ಪಂಕ್ತಿಯಲ್ಲಿ ಕೂರಬೇಕು ಎಂಬ ತೀರ್ಮಾನ ಅಲ್ಲಿ ಸೇರಿಕೊಳ್ಳಬಹುದು. ಇದು ತಾಂತ್ರಿಕ ಪಟ್ಟಿಯಂತೆ ಕಾಣುತ್ತದೆ. ಅಸಲಿಗೆ ಯಾರು ಮೊದಲು ಉಣ್ಣಬೇಕು ಎಂಬ ಹಳೆಯ ಪ್ರಶ್ನೆ. ಅದನ್ನು ಬಡಿಸುವವರಿಗಷ್ಟೇ ಬಿಟ್ಟರೆ ಏನಾಗುತ್ತದೆ ಎಂದು ಈ ನಾಡಿಗೆ ಪಾಠ ಹೇಳಬೇಕಿಲ್ಲ.

2023ರಲ್ಲಿ ದೇಶದ ಫೋನುಗಳೆಲ್ಲ ಕರ್ಕಶವಾಗಿ ಕೂಗಿ ಎಲ್ಲರನ್ನೂ ಬೆಚ್ಚಿಬೀಳಿಸಿದ ಪ್ರಾಯೋಗಿಕ ಎಚ್ಚರಿಕೆ ಸಂದೇಶ ಹಲವರಿಗೆ ನೆನಪಿರಬಹುದು. ಆ ‘ಸೆಲ್ ಬ್ರಾಡ್‌ಕಾಸ್ಟ್’ ಬಹಳ ಜಾಣ ವ್ಯವಸ್ಥೆ: ಟವರು ಡಂಗುರ ಸಾರಿದಂತೆ ಎಲ್ಲರಿಗೂ ಒಮ್ಮೆಗೇ ಹೇಳುತ್ತದೆ, ಯಾವ ಫೋನೂ ಸಿಳ್ಳೆ ಊದಬೇಕಿಲ್ಲ. ಆದರೆ ನಿಜವಾದ ಎಚ್ಚರಿಕೆ ಬಂದ ದಿನ ಜನ ಏನು ಮಾಡುತ್ತಾರೆ? ಓದಿ ಸುಮ್ಮನಿರುವುದಿಲ್ಲ. ಮಕ್ಕಳ ಶಾಲೆಗೆ, ಮನೆಗೆ, ಊರಿಗೆ ಫೋನ್ ಮಾಡುತ್ತಾರೆ, ಅದೂ ಒಂದೇ ಕ್ಷಣದಲ್ಲಿ. ಡಂಗುರವೇ ಅಲೆಯನ್ನು ಎಬ್ಬಿಸುತ್ತದೆ. ಎಚ್ಚರಿಕೆ ಕೊಡುವವರೂ ಬಾಗಿಲು ಕಾಯುವವರೂ ಒಟ್ಟಿಗೆ ಯೋಜಿಸದಿದ್ದರೆ ಒಬ್ಬರ ಜಾಣತನ ಇನ್ನೊಬ್ಬರಿಗೆ ಮುಳುವಾಗುತ್ತದೆ.

ಹಾಗಾಗಿ ಕೇಳಬೇಕಾದದ್ದು ಮೂರು. ಒಂದು, ಗುಣಮಟ್ಟದ ಲೆಕ್ಕದಲ್ಲಿ ಗಂಟೆಯ ಸರಾಸರಿಯ ಜೊತೆಗೆ ಅತಿ ಕೆಟ್ಟ ಹತ್ತು ಸೆಕೆಂಡು, ಅತಿ ಕೆಟ್ಟ ನಿಮಿಷವೂ ಇರಬೇಕು. ಎರಡು, ಬಾಗಿಲಲ್ಲೇ ಉಳಿದವರನ್ನು ಎಣಿಸಬೇಕು. ಟವರಿಗೆ ಗೊತ್ತಿಲ್ಲದಿದ್ದರೂ ಫೋನಿಗೆ ಗೊತ್ತಿದೆ: ಒಳಬರಲು ತಾನು ಎಷ್ಟು ಸಲ ಸಿಳ್ಳೆ ಊದಬೇಕಾಯಿತು, ಡಿಕ್ಕಿಯಾಯಿತೇ, ಹಿಂದೊಮ್ಮೆ ಒಳಬರಲಾಗದೆ ಸೋತಿತ್ತೇ ಎಂದು ಆಮೇಲೆ ವರದಿ ಮಾಡುವ ಏರ್ಪಾಡು 4ಜಿಯ ಮಾನದಂಡದಲ್ಲೇ ಇದೆ. ಹೊಸದೇನನ್ನೂ ಕಂಡುಹಿಡಿಯಬೇಕಿಲ್ಲ, ಕೇಳಬೇಕಷ್ಟೇ. ಮೂರು, ವಿಪತ್ತಿನ ಹೊತ್ತಿನಲ್ಲಿ ಯಾರನ್ನು ಯಾವ ಪಂಕ್ತಿಯಲ್ಲಿ ಕೂರಿಸಲಾಗುತ್ತದೆ ಎಂಬ ನಿಯಮ ಬಹಿರಂಗವಾಗಿರಬೇಕು.

ಜನರ ಪಾಲಿನದೂ ಒಂದಿದೆ. ಕರೆ ಸಿಗದಿದ್ದಾಗ ಮತ್ತೆಮತ್ತೆ ಒತ್ತುವ ಬೆರಳು ಆ 119ನ್ನು ಇನ್ನೂ ಹೆಚ್ಚಿಸುತ್ತದೆ. ಒಂದು ಸಂದೇಶ ಕಳಿಸಿ ಕೆಲವು ನಿಮಿಷ ಕಾಯುವುದರಿಂದ ತನಗೂ ಲಾಭ, ಇನ್ನೊಬ್ಬರಿಗೂ ಲಾಭ. ಆದರೆ ಟಿವಿಯಲ್ಲಿ ಹೊಗೆ ಕಾಣುತ್ತಿರುವಾಗ, ಮಗ ಹತ್ತಿದ್ದು ಯಾವ ಲೋಕಲ್ ಎಂದು ಗೊತ್ತಿಲ್ಲದಿರುವಾಗ, ಕಾಯಿರಿ ಎಂದು ತಾಯಿಗೆ ಹೇಳುವ ಧೈರ್ಯ ಯಾರಿಗಿದೆ? ಅವಳು ಒತ್ತಿಯೇ ಒತ್ತುತ್ತಾಳೆ. ಅವಳು ಒತ್ತುತ್ತಾಳೆ ಎಂದು ಮೊದಲೇ ಅರಿತು ಬಾಗಿಲು ಕಟ್ಟುವುದು ಜಾಲ ಕಟ್ಟುವವರ ಕೆಲಸ. ಅವಳು ಎಷ್ಟು ಸಲ ಒತ್ತಿದಳೆಂದು ಮರುದಿನದ ವರದಿಯಲ್ಲಿ ಬರೆಯುವುದೂ ಅವರದೇ ಕೆಲಸ.